ಎಸರಿಟ್ಟ ಹೊತ್ತಿನ ಪ್ರಾರ್ಥನೆ

ತಳಕಲ್ಲಿನ ನಮ್ಮ ಮನೆಯಲ್ಲಿ ಬೆಳಗಾಗುವುದು ಎರಡು ಸಪ್ಪಳಗಳಿಂದ. ಒಂದು, ಗದಗಿನ ಕಡೆಯಿಂದ ಕೊಪ್ಪಳದ ಕಡೆಗೆ ಹಾಯ್ದು ಹೋಗುವ ರೈಲಿನದು. ಇನ್ನೊಂದು, ಅವ್ವ ರೊಟ್ಟಿ ಬಡಿಯುವುದು. ರೈಲು ತಡವಾಗಬಹುದು, ಅವ್ವನ ರೊಟ್ಟಿ ತಡವಾದದ್ದನ್ನು ನಾನು ಕಂಡಿಲ್ಲ. ಐದಕ್ಕೆ ಎಸರಿಡುತ್ತಾಳೆ. ನೀರು ಕುದಿ ಬರುವವರೆಗೆ ಒಲೆಯ ಮುಂದೆ ಕಣ್ಣು ಮುಚ್ಚಿ ನಿಂತಿರುತ್ತಾಳೆ. ಆಮೇಲೆ ಹಿಟ್ಟಿಗೆ ಎಸರು ಹಾಕಿ ನಾದಿ ಬಡಿಯಲು ಕೂತರೆ, ತುಟಿ ಅಲ್ಲಾಡುತ್ತಲೇ ಇರುತ್ತದೆ. ಒಂದು ರೊಟ್ಟಿಗೆ ಒಂದು ಪ್ರಾರ್ಥನೆ. ಮೊದಲನೆಯದು ಅಪ್ಪನ ಮೊಣಕಾಲಿಗೆ, ಎರಡನೆಯದು ತಮ್ಮನ ಕೆಲಸಕ್ಕೆ, ಮೂರನೆಯದು ನನ್ನ ಓದು ಮುಗಿಯಲಿ ಎಂದು. ಹೀಗೆ ಓಣಿಯ ಬಾಣಂತಿ, ಆಸ್ಪತ್ರೆಯಲ್ಲಿರುವ ಮಾವ, ತವರಿನ ಜಗಳ ಎಲ್ಲ ಮುಗಿಯುವ ಹೊತ್ತಿಗೆ ಬುಟ್ಟಿಯಲ್ಲಿ ಹದಿನೆಂಟು ರೊಟ್ಟಿ ಇರುತ್ತವೆ. ಮೊಣಕಾಲೂರಿ ಪ್ರಾರ್ಥಿಸಲು ಅವಳಿಗೆ ಹೊತ್ತು ಸಿಗುವುದು ಭಾನುವಾರ ಗುಡಿಯಲ್ಲಿ ಮಾತ್ರ.

ನಮ್ಮ ಕಡೆ ಚರ್ಚಿಗೂ ಗುಡಿ ಎಂದೇ ಹೇಳುವವರಿದ್ದಾರೆ. ಅವ್ವ ಅವರಲ್ಲೊಬ್ಬಳು.

ನಾನು ಸಂಶೋಧನಾ ವಿದ್ಯಾರ್ಥಿನಿ. ಗದಗ ಮತ್ತು ಕೊಪ್ಪಳ ಸೀಮೆಯ ಕ್ರೈಸ್ತ ಕುಟುಂಬಗಳ ಚರಿತ್ರೆ ನನ್ನ ಮಹಾಪ್ರಬಂಧದ ವಿಷಯ. ಮೂರು ವರ್ಷ ಓಡಾಡಿ ಅಧ್ಯಾಯಗಳ ಪಟ್ಟಿ ಮಾಡಿದೆ: ಮತಾಂತರ, ಶಾಲೆ, ಆಸ್ಪತ್ರೆ, ಅಚ್ಚುಕೂಟ, ನೇಯ್ಗೆ. ಮಾರ್ಗದರ್ಶಕರು ಪಟ್ಟಿಯನ್ನು ಓದಿ, ಕೊನೆಯಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದಿದ್ದರು: ‘ಇವರು ಏನು ಉಣ್ಣುತ್ತಿದ್ದರು? ಯಾರು ಅಡುಗೆ ಮಾಡುತ್ತಿದ್ದರು?’ ನನಗೆ ಮೊದಲು ನಗು ಬಂತು. ಆಮೇಲೆ ನಾಚಿಕೆಯಾಯಿತು. ಉತ್ತರ ಗೊತ್ತಿತ್ತು. ಅದನ್ನು ಚರಿತ್ರೆ ಎಂದು ಎಣಿಸಿರಲಿಲ್ಲ, ಅಷ್ಟೇ.

ತಳಕಲ್ಲು ಇವತ್ತು ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿನಲ್ಲಿದೆ. ಮೊದಲು ಯಲಬುರ್ಗಾ ತಾಲೂಕಿನಲ್ಲಿತ್ತು. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ಸೀಮೆ. ರೈಲಿನಲ್ಲಿ ತಾಸಿನೊಳಗೆ ಮುಟ್ಟುವ ಗದಗು ಮಾತ್ರ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಮಾತು ಒಂದೇ, ಜೋಳ ಒಂದೇ, ಸರಕಾರ ಬೇರೆ. ಈಗ ತಳಕಲ್ಲಿಗೆ ಹೊಸ ಹೆಸರು ಬಂದಿರುವುದು ಗದಗ–ವಾಡಿ ಮಾರ್ಗದಿಂದ. ಹಳೆಯ ಹಳಿಯಿಂದ ಹೊಸ ಹಳಿ ಕವಲೊಡೆಯುವುದು ಇಲ್ಲಿಯೇ. 2025ರಲ್ಲಿ ಆ ಹಳಿಯ ಮೇಲೆ ಕುಷ್ಟಗಿಯವರೆಗೆ ಪ್ರಯಾಣಿಕರ ರೈಲು ಓಡಿತು. ನಮ್ಮ ಅಜ್ಜ ಈ ಊರಿಗೆ ಬಂದದ್ದೂ ಹಳಿಯ ದೆಸೆಯಿಂದಲೇ. ಅವನು ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ಅಜ್ಜಿ ಬಂದದ್ದು ಬೆಟಗೇರಿಯಿಂದ.

ಬೆಟಗೇರಿಯ ಹೆಸರು ಬಂದರೆ ಬಾಸೆಲ್ ಮಿಷನ್ನಿನ ಕತೆ ಹೇಳಲೇಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಮತ್ತು ಮಲಸಮುದ್ರ, 1851ರಲ್ಲಿ ಗುಳೇದಗುಡ್ಡದಲ್ಲಿ ನೆಲೆ ಮಾಡಿದರು. ಅದಕ್ಕೂ ಮೊದಲು, 1810ರಲ್ಲಿಯೇ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಹಿಡಿದಿದ್ದರು. ಕ್ಯಾಥೊಲಿಕರ ಚರಿತ್ರೆ ಇನ್ನೂ ಹಳೆಯದು. ಆಚೆ ಮುದಗಲ್ಲಿನ ಸಭೆಯ ಕತೆ ಆದಿಲ್‌ಶಾಹಿ ಕಾಲಕ್ಕೆ ಹೋಗುತ್ತದೆ. ಅಂದರೆ ನಮ್ಮ ಸೀಮೆಯ ಸುತ್ತ ಎಲ್ಲ ದಿಕ್ಕಿಗೂ ಕ್ರೈಸ್ತರ ಒಂದೊಂದು ಒಲೆ ಉರಿಯುತ್ತಿತ್ತು.

ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲಾಗಾರದಲ್ಲಿ ಮಿಷನ್ನಿನ ಹಳೆಯ ವರದಿಗಳನ್ನು ನೋಡಲು ಕೂತವರಿಗೆ ಅವುಗಳ ಕೋಷ್ಟಕಗಳು ಪರಿಚಿತ. ಸಭಿಕರೆಷ್ಟು, ದೀಕ್ಷಾಸ್ನಾನವೆಷ್ಟು, ಶಾಲೆಯೆಷ್ಟು, ಹುಡುಗರೆಷ್ಟು, ಹುಡುಗಿಯರೆಷ್ಟು ಎಂಬ ಲೆಕ್ಕ ಅಚ್ಚುಕಟ್ಟಾಗಿದೆ. ಅಷ್ಟು ಮಂದಿ ಹುಡುಗಿಯರು ಬೆಳಗ್ಗೆ ಏನು ಉಂಡು ಶಾಲೆಗೆ ಬಂದರು ಎಂಬ ಲೆಕ್ಕಕ್ಕೆ ಕೋಷ್ಟಕದಲ್ಲಿ ಜಾಗವಿಲ್ಲ. ಹಾಗಾಗಿ ನಾನು ದಾಖಲೆಗಳನ್ನು ಬಿಟ್ಟು ಒಂದು ಶಬ್ದದ ಬೆನ್ನು ಹತ್ತಿದೆ. ಆ ಶಬ್ದ ‘ರೊಟ್ಟಿ’.

ಕನ್ನಡ ಬೈಬಲ್ ಓದಿದವರಿಗೆ ಗೊತ್ತು, ಇಂಗ್ಲಿಷಿನಲ್ಲಿ ‘ಬ್ರೆಡ್’ ಇದ್ದ ಕಡೆಯೆಲ್ಲ ಕನ್ನಡದಲ್ಲಿ ಸಾಮಾನ್ಯವಾಗಿ ರೊಟ್ಟಿ ಇದೆ. ಯೇಸು ಐದು ಸಾವಿರ ಮಂದಿಗೆ ಹಂಚಿದ್ದು ರೊಟ್ಟಿ, ಕಡೆಯ ರಾತ್ರಿ ಮುರಿದದ್ದು ರೊಟ್ಟಿ, ತಾನೇ ಏನೆಂದು ಹೇಳಿಕೊಂಡನೋ ಅದೂ ರೊಟ್ಟಿ. ಅನುವಾದಕರು ಇನ್ನೊಂದು ಶಬ್ದ ಆರಿಸಬಹುದಿತ್ತು. ನಾವು ದಿನವೂ ಹೇಳುವ ಕರ್ತನ ಪ್ರಾರ್ಥನೆಯಲ್ಲಿ ಅದೇ ಮಾತಿಗೆ ‘ಆಹಾರ’ ಎಂದು ಹಾಕಿದ್ದಾರೆ. ಮಿಕ್ಕ ಕಡೆಯೂ ಹಾಗೆಯೇ ಮಾಡಿದ್ದರೆ ಓದಲು ಗಂಭೀರವಾಗಿರುತ್ತಿತ್ತು, ಆದರೆ ನಮ್ಮ ಅಡುಗೆಮನೆಯೊಳಗೆ ಬರುತ್ತಿರಲಿಲ್ಲ. ರೊಟ್ಟಿ ಎಂದ ಕೂಡಲೇ ಬಯಲುಸೀಮೆಯ ಹೆಣ್ಣುಮಗಳಿಗೆ ಯೆಹೂದ್ಯರ ಒಲೆ ಕಾಣುವುದಿಲ್ಲ. ಬಿಳಿಜೋಳದ ಹಿಟ್ಟು, ಕುದಿಯುವ ಎಸರು, ಕಾದ ಹಂಚು, ಮೇಲೆ ಸವರುವ ಒದ್ದೆ ಬಟ್ಟೆ ಕಾಣುತ್ತವೆ.

ಈ ಶಬ್ದ ಬೇರೆ ಬೇರೆ ಕಡೆ ಬೇರೆ ಬೇರೆ ಕೆಲಸ ಮಾಡಿದೆ. ಮಂಗಳೂರಿನ ಕ್ಯಾಥೊಲಿಕರ ಮನೆಯಲ್ಲಿ ಹುದುಗು ಬಂದ ಅಕ್ಕಿಹಿಟ್ಟಿನ ಸಣ್ಣ ಇದೆ, ಕ್ರಿಸ್ಮಸ್ಸಿಗೆ ಕುಸ್ವಾರಿನ ತಟ್ಟೆ ಇದೆ. ಕ್ರೈಸ್ತರ ಅಡುಗೆ ಎಂದರೆ ಕರ್ನಾಟಕದಲ್ಲಿ ಅದೇ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ನಾನು ಬಿ.ಎ. ಓದುವಾಗ ಹಾಸ್ಟೆಲಿನ ಗೆಳತಿಯರು ಡಿಸೆಂಬರಿನಲ್ಲಿ ನನ್ನ ಡಬ್ಬಿ ತೆರೆದು ನಿರಾಶರಾಗಿದ್ದರು. ಅದರಲ್ಲಿ ಕೇಕು ಇರಲಿಲ್ಲ. ಕರ್ಚಿಕಾಯಿ, ಚಕ್ಲಿ, ಶೇಂಗಾ ಹೋಳಿಗೆ ಇದ್ದವು. ‘ನೀವು ನಿಜವಾಗಿ ಕ್ರಿಶ್ಚಿಯನ್ನರೇನೇ?’ ಎಂದು ಒಬ್ಬಳು ಕೇಳಿದಳು. ನಮ್ಮ ಮನೆಯ ದಿನದ ಊಟದಲ್ಲಿಯೂ ನಮ್ಮ ಧರ್ಮವನ್ನು ಕಂಡುಹಿಡಿಯಲಾಗದು. ಪುಂಡಿಪಲ್ಯ, ಮಡಕಿಕಾಳು, ಗುರೆಳ್ಳು ಹಿಂಡಿ, ಎಣ್ಣೆಗಾಯಿ, ರಾತ್ರಿಗೆ ನುಚ್ಚು. ಶುಭ ಶುಕ್ರವಾರ ಮಧ್ಯಾಹ್ನ ಮೂರರ ಆರಾಧನೆ ಮುಗಿದ ಮೇಲೆ ಅಂಬಲಿ ಕುಡಿದು ಉಪವಾಸ ಬಿಡುತ್ತೇವೆ. ಅದು ಕೂಡ ಈ ನೆಲದ್ದೇ ಅಂಬಲಿ.

ರೊಟ್ಟಿ ಎಂಬ ಶಬ್ದ ಒಂದು ಕಡೆ ತೊಡಕನ್ನೂ ಮಾಡಿದೆ. ಹೆಂಗಸೊಬ್ಬಳು ಮೂರು ಅಳತೆ ಹಿಟ್ಟಿನಲ್ಲಿ ಸ್ವಲ್ಪ ಹುಳಿಹಿಟ್ಟು ಕಲಸಿಟ್ಟಳು, ಎಲ್ಲವೂ ಹುಳಿಯಾಯಿತು ಎಂಬ ಸಾಮ್ಯ ಮತ್ತಾಯನ ಸುವಾರ್ತೆಯಲ್ಲಿದೆ. ದೇವರ ರಾಜ್ಯ ಹಾಗೆ ಬೆಳೆಯುತ್ತದೆ ಎಂದು ಅದರ ಅರ್ಥ. ಜೋಳದ ರೊಟ್ಟಿ ಮಾಡುವವರಿಗೆ ಇದು ಅರ್ಥವಾಗುವುದು ಕಷ್ಟ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ, ಆದ್ದರಿಂದ ಅದು ಗೋಧಿಯ ಬ್ರೆಡ್ಡಿನಂತೆ ಹುದುಗಿ ಉಬ್ಬುವುದಿಲ್ಲ. ಹಿಟ್ಟು ಕೂಡಿಕೊಳ್ಳಬೇಕಾದರೆ ಕುದಿ ಎಸರೇ ಬೇಕು. ಆದರೆ ಇನ್ನೊಂದು ಕತೆ ಈ ಹೆಣ್ಣುಮಕ್ಕಳಿಗೆ ಯಾವ ಪಂಡಿತರಿಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಇಸ್ರಾಯೇಲ್ಯರು ಐಗುಪ್ತದಿಂದ ಹೊರಡುವ ರಾತ್ರಿ ಹಿಟ್ಟು ಹುಳಿಯಾಗುವವರೆಗೆ ಕಾಯಲು ಹೊತ್ತಿರಲಿಲ್ಲ, ಹುಳಿಯಿಲ್ಲದ ರೊಟ್ಟಿ ಸುಟ್ಟುಕೊಂಡು ಹೊರಟರು. ಇದನ್ನು ಅವ್ವನಿಗೆ ಓದಿ ಹೇಳಿದಾಗ ಅವಳು ನಕ್ಕಳು. “ಹುಳಿ ಬರೂತನ ಕಾಯಾಕ ನನಗರ ಎಲ್ಲೈತವಾ ಪುರಸೊತ್ತು? ನಾನು ದಿನಾ ಮುಂಜಾನೆ ಐಗುಪ್ತ ಬಿಟ್ಟ ಹೊಂಟಾಕಿನ” ಎಂದಳು.

ಅದೇ ರೀತಿ, ಐದು ಸಾವಿರ ಮಂದಿಗೆ ಹಂಚಿದ ರೊಟ್ಟಿ ಗೋಧಿಯದಲ್ಲ, ಜವೆಗೋಧಿಯದು ಎಂದು ಯೋಹಾನನೊಬ್ಬನೇ ಬರೆದಿದ್ದಾನೆ. ಆ ನಾಡಿನಲ್ಲಿ ಜವೆ ಬಡವರ ಕಾಳು. ನಮ್ಮಲ್ಲಿ ಹಬ್ಬಕ್ಕೆ ಗೋಧಿ, ದಿನಕ್ಕೆ ಜೋಳ ಎಂಬ ಲೆಕ್ಕವಿದ್ದಂತೆ ಅಲ್ಲಿಯೂ ಇತ್ತು. ಈ ಒಂದು ವಿವರ ನನಗೆ ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚು ಹೇಳಿತು.

ರೊಟ್ಟಿಯ ಮಾತು ಬಂದಾಗ ಬರದ ಮಾತನ್ನು ಬಿಡಲಾಗದು. 1876ರಿಂದ 78ರವರೆಗಿನ ಮಹಾಕ್ಷಾಮವನ್ನು ನಮ್ಮ ಕಡೆ ಧಾತು–ಈಶ್ವರ ಬರ ಎನ್ನುತ್ತಾರೆ, ಆ ಎರಡು ಸಂವತ್ಸರಗಳ ಹೆಸರಿನಿಂದ. ಧಾರವಾಡ, ಕಲಾದಗಿ, ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಊರೂರೇ ಖಾಲಿಯಾದವು. ಮಿಷನ್ನುಗಳ ಅನಾಥಾಲಯಗಳು ಬರದ ಮಕ್ಕಳಿಂದ ತುಂಬಿದವು. ಅಜ್ಜಿಯ ಅಜ್ಜಿ ಅಂಥ ಮಕ್ಕಳಲ್ಲೊಬ್ಬಳು ಎಂದು ಮನೆಯ ಮಾತು. ಅವಳ ಊರು ಯಾವುದು, ತಂದೆ ತಾಯಿ ಯಾರು ಎಂಬುದು ಯಾರಿಗೂ ಉಳಿದಿಲ್ಲ. ಉಳಿದಿರುವುದು ಒಂದೇ ನೆನಪು: ಮುದುಕಿಯಾದ ಮೇಲೂ ಅವಳು ತಲೆದಿಂಬಿನ ಕೆಳಗೆ ರೊಟ್ಟಿಯ ತುಣುಕು ಇಟ್ಟುಕೊಂಡು ಮಲಗುತ್ತಿದ್ದಳಂತೆ.

ಹೀಗೆ ಬಂದವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಹೀನಾಯದ ಮಾತಿದೆ, ‘ಅಕ್ಕಿ ಕ್ರೈಸ್ತರು’ ಎಂದು. ಹೊಟ್ಟೆಗಾಗಿ ದೇವರನ್ನು ಬದಲಿಸಿದವರು ಎಂದು ಅರ್ಥ. 1972ರ ಬರದಲ್ಲಿ, ಅವ್ವ ಹುಟ್ಟಿದ ವರ್ಷ, ಅಜ್ಜಿ ಪರದೇಶದ ಹಾಲಿನಪುಡಿಗೆ ಸಾಲಿನಲ್ಲಿ ನಿಂತಾಗ ಅದರ ಕನ್ನಡ ರೂಪವನ್ನೂ ಕೇಳಿಸಿಕೊಂಡಿದ್ದಳು. ವಿದ್ವಾಂಸರು ಈ ಆರೋಪಕ್ಕೆ ಹಲವು ಬಗೆಯಲ್ಲಿ ಉತ್ತರ ಕೊಟ್ಟಿದ್ದಾರೆ. ಅಜ್ಜಿಯ ಉತ್ತರ ಬೇರೆ ಇತ್ತು. ಅವಳು ಪ್ರತಿ ದಿನ ಹಿಟ್ಟು ನಾದುವ ಮೊದಲು ಅದರಿಂದ ಒಂದು ಹಿಡಿ ತೆಗೆದು ಮಗ್ಗುಲಿನ ಗಡಿಗೆಗೆ ಹಾಕುತ್ತಿದ್ದಳು. ವಾರಕ್ಕೊಮ್ಮೆ ಆ ಗಡಿಗೆ ಯಾರ ಮನೆಯಲ್ಲಿ ಒಲೆ ಹತ್ತಿಲ್ಲವೋ ಅವರ ಮನೆಗೆ ಹೋಗುತ್ತಿತ್ತು, ಜಾತಿ ಕೇಳದೆ. “ತಗೊಂಡು ಬದುಕಿದೋರು ನಾವು. ಕೊಟ್ರನ ಸಾಲ ತೀರೂದು” ಎನ್ನುತ್ತಿದ್ದಳು.

ಹಿಡಿ ತೆಗೆದಿಡುವುದು ಅವಳೊಬ್ಬಳ ರೂಢಿಯಲ್ಲ. ಕೇರಳದ ಕ್ರೈಸ್ತರಲ್ಲಿ ಅದನ್ನು ‘ಪಿಡಿಯರಿ’ ಎನ್ನುತ್ತಾರೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಣ್ಣುಮಕ್ಕಳು 1910ರಲ್ಲಿ ‘ಬುಹ್‌ಫಾಯ್ ಥಾಮ್’ ಎಂಬ ಹೆಸರಿನಲ್ಲಿ ಇದನ್ನು ಆರಂಭಿಸಿದರು. ಪ್ರತಿ ಹೊತ್ತಿನ ಅಡುಗೆಗೂ ಒಂದು ಹಿಡಿ ಅಕ್ಕಿ ತೆಗೆದಿಟ್ಟು ಸಭೆಗೆ ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದ ಹೆಂಗಸರು ಒಂದು ಇಡೀ ಸಭೆಯ ಖರ್ಚಿಗೆ ಹೆಗಲು ಕೊಟ್ಟ ಕತೆ ಅದು. ನಮ್ಮ ಮಠಗಳ ಜೋಳಿಗೆ ತುಂಬಿದ್ದೂ ಹೆಣ್ಣುಮಕ್ಕಳ ಹಿಡಿಗಳಿಂದಲೇ. 1914ರ ಯುದ್ಧ ಬಂದು ಬಾಸೆಲ್ ಮಿಷನ್ನಿನ ಜರ್ಮನರನ್ನು ಸೆರೆಯಲ್ಲಿಟ್ಟಾಗ, ಅವರ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳು ಕೈಬಿಟ್ಟು ಹೋದವು. ಸಭೆಗಳು ಹೋಗಲಿಲ್ಲ. ಅವನ್ನು ಉಳಿಸಿದವರ ಪಟ್ಟಿಯಲ್ಲಿ ಅಡುಗೆಮನೆಗಳೂ ಇರಬೇಕು ಎಂಬುದು ನನ್ನ ವಾದ.

ಇಲ್ಲಿಂದ ಮುಂದೆ ಬರೆಯುವುದು ನನಗೆ ಅಷ್ಟು ಸಲೀಸಲ್ಲ. ಇದರಲ್ಲಿ ನಾನೂ ಇದ್ದೇನೆ.

ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರಕಾರಿ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಮೊದಲು ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಆರಂಭವಾಯಿತು, ಕೊಪ್ಪಳ ಅವುಗಳಲ್ಲೊಂದು. ಯೋಜನೆಗೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟರು. ಹನ್ನೆರಡನೆಯ ಶತಮಾನದ ಶರಣರ ಮಾತು ಸರಕಾರಿ ಕಡತಕ್ಕೆ ಬಂತು. ಅವ್ವ ಸಹಾಯಕ ಅಡುಗೆಯವಳಾಗಿ ಸೇರಿದಳು. ಸಂಬಳವಲ್ಲ, ಗೌರವಧನ. ಬೆಳಗ್ಗೆ ಮನೆಯ ಹದಿನೆಂಟು ರೊಟ್ಟಿ ಮುಗಿಸಿ, ಒಂಬತ್ತಕ್ಕೆ ಶಾಲೆಗೆ ಹೋಗಿ ಅಕ್ಕಿ ಆರಿಸಲು ಕೂರುತ್ತಿದ್ದಳು. ಐದನೆಯತ್ತೆಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಮೇಲಿನವರಿಗೆ 150 ಗ್ರಾಂ. ಆ ಲೆಕ್ಕ ಅವಳಿಗೆ ಇಂದಿಗೂ ನಾಲಿಗೆಯ ತುದಿಯಲ್ಲಿದೆ. ಮೊದಮೊದಲು ಕಟ್ಟಿಗೆಯ ಒಲೆ. ಸಂಜೆ ಮನೆಗೆ ಬಂದಾಗ ಅವಳ ಕಣ್ಣು ಕೆಂಪಾಗಿರುತ್ತಿದ್ದವು. ಹೊಗೆಯಿಂದ ಎಂದುಕೊಂಡಿದ್ದೆ.

ಮೊದಲ ತಿಂಗಳು ಕೆಲವು ಮಕ್ಕಳು ಊಟದ ಹೊತ್ತಿಗೆ ತಟ್ಟೆ ಹಿಡಿದು ಮನೆಗೆ ಹೋಗುತ್ತಿದ್ದರಂತೆ, ಕೆಲವರು ಮನೆಯಿಂದ ಡಬ್ಬಿ ತರುತ್ತಿದ್ದರಂತೆ. ಯಾರೂ ಜಗಳ ಮಾಡಲಿಲ್ಲ, ಯಾರೂ ಕಾರಣ ಹೇಳಲೂ ಇಲ್ಲ. ನಾವು ಮೂರು ತಲೆಮಾರಿನ ಹಿಂದೆ ಯಾರಾಗಿದ್ದೆವು ಎಂಬುದು ಊರಿಗೆ ಗೊತ್ತಿತ್ತು. ದೀಕ್ಷಾಸ್ನಾನದ ನೀರು ಅದನ್ನು ತೊಳೆದಿರಲಿಲ್ಲ. ಆದರೆ ಕಾನೂನಿನ ಪ್ರಕಾರ ತೊಳೆದಿತ್ತು. ರಾಷ್ಟ್ರಪತಿಗಳ 1950ರ ಆದೇಶದಂತೆ ಪರಿಶಿಷ್ಟ ಜಾತಿಯ ಪಟ್ಟಿ ಹಿಂದೂಗಳಿಗೆ ಮಾತ್ರ. ಆಮೇಲೆ 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು, ಕ್ರೈಸ್ತರನ್ನು ಸೇರಿಸಲಿಲ್ಲ. ನಮ್ಮದು ಪ್ರವರ್ಗ ಒಂದು. 2004ರಲ್ಲಿ ಅದೇ ಸುಪ್ರೀಂ ಕೋರ್ಟು ಬಿಸಿಯೂಟದ ಅಡುಗೆಗೆ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಿ ಎಂದಾಗ ಅವ್ವನ ಸರ್ಟಿಫಿಕೇಟು ಆ ಸಾಲಿಗೆ ಬರಲಿಲ್ಲ. ಕಾಗದಕ್ಕೆ ಅವಳು ದಲಿತಳಲ್ಲ, ತಟ್ಟೆಗೆ ಹೌದು. ಈ ದೇಶದ ಎಷ್ಟೋ ಮಂದಿ ಕ್ರೈಸ್ತ ತಾಯಂದಿರ ಚರಿತ್ರೆ ಇಷ್ಟು ಸಣ್ಣ ವಾಕ್ಯದಲ್ಲಿ ಸಿಕ್ಕಿಕೊಂಡಿದೆ.

ಆ ವರ್ಷಗಳು ಸಾಲುಸಾಲು ಬರದವು. ಹಸಿವು ಹೆಚ್ಚಾದಂತೆ ಡಬ್ಬಿಗಳು ಕಡಿಮೆಯಾದವು. ಒಂದೆರಡು ಮನೆಯ ಮಕ್ಕಳನ್ನು ಬಿಟ್ಟು ಮಿಕ್ಕವರೆಲ್ಲ ಸಾಲಿಗೆ ಬಂದು ಕೂತರು. ನಾನು ಒಂದನೆಯತ್ತೆಗೆ ಸೇರಿದಾಗ ಆ ಸಾಲಿನಲ್ಲಿ ಕೂತಿದ್ದೆ. ಅವ್ವ ಸಾಂಬಾರಿನ ಬಕೀಟು ಹಿಡಿದು ಬರುವಾಗ ನಾನು ತಟ್ಟೆಯನ್ನೇ ನೋಡುತ್ತಿದ್ದೆ. ಅವಳನ್ನು ‘ಅವ್ವಾ’ ಎಂದು ಶಾಲೆಯಲ್ಲಿ ಕರೆದ ನೆನಪಿಲ್ಲ. ಅವಳೂ ನನಗೆ ಎಲ್ಲರಿಗೂ ನೀಡಿದಷ್ಟೇ ನೀಡಿ ಮುಂದೆ ಹೋಗುತ್ತಿದ್ದಳು. ನನ್ನ ನಾಚಿಕೆ ಅವಳಿಗೆ ಗೊತ್ತಿತ್ತು ಎಂದು ಈಗ ತಿಳಿಯುತ್ತದೆ.

ಇನ್ನು ಗವಿಮಠದ ಮಾತು. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಜನವರಿಯ ಸುಮಾರಿಗೆ ಬರುತ್ತದೆ. ಅದರ ಮಹಾದಾಸೋಹ ನಾಡಿಗೇ ಹೆಸರುವಾಸಿ. ಬಂದವರಿಗೆಲ್ಲ ದಿನಗಟ್ಟಲೆ ಊಟ. ಅದಕ್ಕೆ ಬೇಕಾದ ರೊಟ್ಟಿಯನ್ನು ಮಠದವರಷ್ಟೇ ಮಾಡುವುದಿಲ್ಲ. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಓಣಿಓಣಿಯಲ್ಲಿ ಕೂತು ಬಡಿಯುತ್ತಾರೆ. ಲಕ್ಷಗಟ್ಟಲೆ ಖಡಕ್ ರೊಟ್ಟಿಗಳು ಟ್ರಾಕ್ಟರು, ಬಂಡಿಗಳಲ್ಲಿ ಕೊಪ್ಪಳಕ್ಕೆ ಹೋಗುತ್ತವೆ. ನಮ್ಮ ಓಣಿಯಿಂದ ಹೋಗುವ ಮೂಟೆಯಲ್ಲಿ ಅವ್ವನ ಇಪ್ಪತ್ತೈದು ರೊಟ್ಟಿ ಇರುತ್ತವೆ. ನಾನು ಕಂಡಾಗಿನಿಂದ ಹೀಗೆಯೇ.

ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಬಂದಿದ್ದ ಬೋಧಕರೊಬ್ಬರು ನಮ್ಮ ಮನೆಯ ಪ್ರಾರ್ಥನಾಕೂಟದಲ್ಲಿ ಇದನ್ನು ಕೇಳಿ ಬೇಸರ ಮಾಡಿಕೊಂಡರು. ಅನ್ಯದೇವರ ಜಾತ್ರೆಗೆ ವಿಶ್ವಾಸಿಯ ಕೈಯ ರೊಟ್ಟಿ ಹೋಗಬಹುದೇ ಎಂದು ಅವರ ಪ್ರಶ್ನೆ. ಅವರ ಪ್ರಶ್ನೆಯನ್ನು ಹಗುರ ಮಾಡಲಾರೆ. ಅದು ಎರಡು ಸಾವಿರ ವರ್ಷದ ಹಳೆಯ ಪ್ರಶ್ನೆ. ಕೊರಿಂಥದ ಸಭೆ ಇದನ್ನೇ ಪೌಲನಿಗೆ ಕೇಳಿತ್ತು. ವಿಗ್ರಹಕ್ಕೆ ಅರ್ಪಿಸಿದ ಊಟ ಉಣ್ಣಬಹುದೇ ಎಂದು. ಪೌಲ ಎರಡೂ ಕಡೆ ತೂಗಿದ. ಊಟದಿಂದ ಯಾರೂ ದೇವರಿಗೆ ಹತ್ತಿರವೂ ಆಗುವುದಿಲ್ಲ, ದೂರವೂ ಆಗುವುದಿಲ್ಲ ಎಂದ. ಆದರೆ ನಿನ್ನ ಊಟ ಇನ್ನೊಬ್ಬರ ಮನಸ್ಸನ್ನು ಎಡವಿಸಿದರೆ ಬಿಡು ಎಂದೂ ಹೇಳಿದ. ಅವ್ವ ಪೌಲನನ್ನು ಎತ್ತಲಿಲ್ಲ. ಚಹಾದ ತಟ್ಟೆ ಕೆಳಗಿಟ್ಟು, “ಅದು ದೇವರಿಗೆ ಎಡಿ ಅಲ್ರಿ ಪಾಸ್ಟರ್ರ, ಉಣ್ಣೋರಿಗೆ ರೊಟ್ಟಿ” ಎಂದಳು. ಮಂಡಕ್ಕಿ ತರಲು ಒಳಗೆ ಹೋದಳು.

ಆ ವರ್ಷವೂ ಅವಳು ರೊಟ್ಟಿ ಕಳಿಸಿದಳು. ಆದರೆ ಪ್ರತಿ ವರ್ಷದಂತೆ ದಾಸೋಹದ ಮಾದಲಿ ಉಣ್ಣಲು ಹೋಗಲಿಲ್ಲ. ಅವಳೊಳಗೆ ಏನು ನಡೆದಿತ್ತೋ ನಾನು ಕೇಳಲಿಲ್ಲ. ಈ ವರ್ಷ, ಪ್ರಬಂಧಕ್ಕಾಗಿ ಫೋನಿನಲ್ಲಿ ಅವಳ ಮಾತು ಮುದ್ರಿಸಿಕೊಳ್ಳುವಾಗ, ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು:

“ಟ್ರಾಕ್ಟರಿನ್ಯಾಗ ಹೋದ ಮ್ಯಾಲೆ ಯಾರ ರೊಟ್ಟಿ ಯಾವ್ದು ಅಂತ ಯಾರಿಗೆ ತಿಳೀತೈತಿ? ಸಾಲ್ಯಾಗ ನನ್ನ ಕೈ ನೋಡಿ ತಟ್ಟಿ ಎತ್ತಿಕೊಂಡು ಹ್ವಾದ ಹುಡುಗ್ರು ಇದ್ರು. ಅವರ ಮನಿಯವ್ರೂ ಜಾತ್ರ್ಯಾಗ ಉಣ್ತಾರ. ಅಲ್ಲಿ ಯಾರೂ ಕೈ ನೋಡೂದಿಲ್ಲ.”

ನಾನು ಮುದ್ರಣ ನಿಲ್ಲಿಸಿದೆ. ಆ ಹೊತ್ತಿನ ಕೆಂಪು ಕಣ್ಣು ಹೊಗೆಯಿಂದಷ್ಟೇ ಆದದ್ದಲ್ಲ ಎಂದು ಇಪ್ಪತ್ತು ವರ್ಷದ ಮೇಲೆ ತಿಳಿಯಿತು.

ಚರ್ಚಿನಲ್ಲಿ ಬಿಡುವಿಲ್ಲದ ಹೆಂಗಸರಿಗೆ ಹೇಳುವ ಕತೆಯೊಂದಿದೆ. ಲೂಕನ ಸುವಾರ್ತೆಯ ಮಾರ್ಥ ಮತ್ತು ಮರಿಯಳ ಕತೆ. ಯೇಸು ಮನೆಗೆ ಬಂದಾಗ ಮರಿಯಳು ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಮಾರ್ಥಳು ಒಬ್ಬಳೇ ಕೆಲಸ ಮಾಡಿ ದಣಿದು ದೂರುತ್ತಾಳೆ. ಯೇಸು ಮರಿಯಳ ಆಯ್ಕೆಯೇ ಒಳ್ಳೆಯದು ಎನ್ನುತ್ತಾನೆ. ಈ ಭಾಗದ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲೆಲ್ಲ ಮಾರ್ಥಳಿಗೆ ಬುದ್ಧಿ ಹೇಳಲಾಗಿದೆ. ಪ್ರಸಂಗ ಮುಗಿದ ಮೇಲೆ ಪ್ರೀತಿಭೋಜನಕ್ಕೆ ಅನ್ನ ಬಸಿಯಲು ಎದ್ದು ಹೋದವರೂ ಮಾರ್ಥಳರೇ.

ಥಿಯಾಲಜಿ ಓದಿದ ಗೆಳತಿಯೊಬ್ಬಳು ಇದರ ಗ್ರೀಕ್ ಮೂಲವನ್ನು ನನಗೆ ತೋರಿಸಿದಳು. ಮಾರ್ಥಳ ಕೆಲಸಕ್ಕೆ ಲೂಕ ಬಳಸಿದ ಶಬ್ದ ‘ದಿಯಕೋನಿಯ’. ಸೇವೆ, ಅದರಲ್ಲೂ ಊಟ ಬಡಿಸುವ ಸೇವೆ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ವಿಧವೆಯರಿಗೆ ದಿನದಿನವೂ ಹಂಚುತ್ತಿದ್ದ ಊಟಕ್ಕೆ ಅದೇ ಶಬ್ದ, ದೇವರ ವಾಕ್ಯದ ಸೇವೆಗೂ ಅದೇ ಶಬ್ದ. ಅದರಿಂದಲೇ ಸಭೆಯಲ್ಲಿ ‘ಡೀಕನ್’ ಎಂಬ ಪದವಿ ಹುಟ್ಟಿತು. ಪದವಿ ಬಹುಕಾಲ ಗಂಡಸರ ಪಾಲಾಯಿತು, ಸೌಟು ಹೆಂಗಸರ ಕೈಯಲ್ಲಿ ಉಳಿಯಿತು. ದಕ್ಷಿಣ ಭಾರತ ಸಭೆ ಹುಟ್ಟಿದ್ದು 1947ರಲ್ಲಿ. ಅದಕ್ಕೆ ಮೊದಲ ಮಹಿಳಾ ಬಿಷಪ್ಪರು ಬಂದದ್ದು 2013ರಲ್ಲಿ, ನಂದ್ಯಾಲದಲ್ಲಿ. ಯೋಹಾನನ ಸುವಾರ್ತೆಯಲ್ಲಿ ಯೇಸುವನ್ನು ಕ್ರಿಸ್ತನೆಂದು ಬಾಯಿಬಿಟ್ಟು ಒಪ್ಪಿಕೊಳ್ಳುವವಳು ಇದೇ ಮಾರ್ಥ. ಆಮೇಲೆಯೂ ಅವಳು ಊಟ ಬಡಿಸುವುದನ್ನು ಬಿಡುವುದಿಲ್ಲ. ಅವಳ ನಂಬಿಕೆಗೂ ಅಡುಗೆಗೂ ನಡುವೆ ಯೋಹಾನ ಗೋಡೆ ಕಟ್ಟಿಲ್ಲ.

ದಿಯಕೋನಿಯ ಎಂಬುದನ್ನು ಕನ್ನಡದಲ್ಲಿ ಏನೆನ್ನಬೇಕು ಎಂದು ಗೆಳತಿ ಕೇಳಿದಳು. ‘ಸೇವೆ’ ಸಾಕಲ್ಲ ಎಂದೆ. ಆದರೆ ನನಗೆ ಹೊಳೆದ ಶಬ್ದ ಬೇರೆ ಇತ್ತು. ಉಣ್ಣುವವರ ಮುಂದೆ ತಾನು ದಾಸನೆಂದು ನಿಲ್ಲುವುದು, ಕೊಡುವವನ ಹೆಸರು ಕಾಣದಂತೆ ಕೊಡುವುದು, ಅದಕ್ಕೆ ಈ ನೆಲ ಎಂಟುನೂರು ವರ್ಷದ ಹಿಂದೆಯೇ ಒಂದು ಹೆಸರು ಇಟ್ಟಿದೆ. ಅವ್ವ ಅದೇ ಹೆಸರಿನ ಯೋಜನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅನ್ನ ಬಸಿದಿದ್ದಾಳೆ. ಮಠಗಳ ದಾಸೋಹವನ್ನು ಬರೆದವರು ಅವಳನ್ನು ಬರೆಯಲಿಲ್ಲ, ಮಿಷನ್ನಿನ ಚರಿತ್ರೆ ಬರೆದವರೂ ಬರೆಯಲಿಲ್ಲ. ಅವಳು ಎರಡರ ನಡುವೆ ಒಲೆ ಹೂಡಿಕೊಂಡಿದ್ದಾಳೆ.

ಕಳೆದ ತಿಂಗಳು ಅಧ್ಯಾಯದ ಕರಡು ತೆಗೆದುಕೊಂಡು ಊರಿಗೆ ಹೋದೆ. ಅವ್ವ ಕನ್ನಡಕ ಹಾಕಿಕೊಂಡು ಎರಡು ರಾತ್ರಿ ಓದಿದಳು. ಶಾಲೆಯ ಸಾಲಿನಲ್ಲಿ ನಾನು ತಟ್ಟೆ ನೋಡುತ್ತಿದ್ದ ಭಾಗದ ಬಗ್ಗೆ ಏನೂ ಹೇಳಲಿಲ್ಲ. ಅಜ್ಜಿ ತೆಗೆದಿಡುತ್ತಿದ್ದ ಹಿಟ್ಟಿನ ಬಗ್ಗೆ ಮಾತ್ರ ತಕರಾರು ತೆಗೆದಳು. “ಒಂದ ಹಿಡಿ ಅಲ್ಲವಾ. ಬುಧವಾರ, ಶುಕ್ರವಾರ ಎರಡು ಹಿಡಿ ಹಾಕ್ತಿದ್ಲು. ಸರಿಯಾಗಿ ಬರಿ.”

ಸಂದರ್ಶನ ಕೊಟ್ಟವರ ವಿವರದ ಹಾಳೆ ತುಂಬುವುದು ಬಾಕಿ ಇತ್ತು. ಹೆಸರು, ವಯಸ್ಸು, ಊರು ಬರೆದೆ. ‘ವೃತ್ತಿ’ ಎಂಬಲ್ಲಿ ಕೈ ನಿಂತಿತು. ಇಷ್ಟು ವರ್ಷ ಎಲ್ಲ ಅರ್ಜಿಗಳಲ್ಲಿ ಅಲ್ಲಿ ‘ಮನೆಗೆಲಸ’ ಎಂದು ಬರೆದಿದ್ದವಳು ನಾನೇ. ಅವ್ವ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು.

“ಅಡುಗಿ ಅಂತ ಬರಿ,” ಎಂದಳು. “ಮನಿದೂ, ಸಾಲಿದೂ.”

ಹಾಗೆಯೇ ಬರೆದೆ. ಎಸರು ಕುದಿ ಬಂದಿತ್ತು. ಅವಳು ಒಲೆಯ ಕಡೆ ತಿರುಗಿದಳು.